ಅಕ್ಷರಗಳ ಅಣ್ಣತಮ್ಮಂದಿರು

ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನು ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬರೆಯಹೊರಟರೆ ಸಾಹಿತ್ಯವನ್ನೋ ರಾಜ್ಯಶಾಸ್ತ್ರವನ್ನೋ ಕುರಿತು ಬರೆಯುವುದು ವಾಡಿಕೆ. ನಾನಾದರೋ ‘ನ’ ಮತ್ತು ‘ಸ’ ಎಂಬ ಎರಡು ಅಕ್ಷರಗಳನ್ನು ಕುರಿತು ಬರೆಯಬೇಕೆಂದಿದ್ದೇನೆ. ಈ ಮಾತು ಕೇಳಿ ಸಹಪಾಠಿಯೊಬ್ಬನು, “ಅದನ್ನು ಒಂದನೆಯ ತರಗತಿಯಲ್ಲಿಯೇ ಮುಗಿಸಿ ಬಂದೆವಲ್ಲೋ!” ಎಂದು ನಕ್ಕನು. ಮುಗಿಸಿ ಬಂದದ್ದು ನಿಜ. ಆದರೆ ಮುಗಿಸಿ ಬರಲಾರದೆ ಅಲ್ಲಿಯೇ ಉಳಿದವರೂ ಉಂಟು. ಅವರು ಕಾಲೇಜಿನ ಮೆಟ್ಟಿಲನ್ನು ಹತ್ತಲಿಲ್ಲವಾದ ಕಾರಣ ಈ ಸಂಚಿಕೆಯಲ್ಲಿ ಅವರ ಲೇಖನವನ್ನು ವಾಚಕರು ಕಾಣಲಾರರು. ಅವರ ಪರವಾಗಿ ನಾಲ್ಕು ಮಾತು ಹೇಳುವುದು ತಪ್ಪಾಗಲಾರದು ಎಂದು ನನ್ನ ಭಾವನೆ.

ನನ್ನ ಅಕ್ಕನ ಮಗನಿಗೆ ಆರು ವರ್ಷ. ಕಳೆದ ದಸರಾ ರಜೆಯಲ್ಲಿ ಅಕ್ಕ ಅವನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದಳು. ಮಾತಿನಲ್ಲಿ ಹುಡುಗ ಬಲು ಚೂಟಿ. ಹಿತ್ತಿಲಿನಲ್ಲಿ ಬಂದು ಹೋಗುವ ಹಕ್ಕಿಗಳನ್ನೆಲ್ಲ ಹೆಸರು ಹಿಡಿದು ಹೇಳುತ್ತಾನೆ. ನಮ್ಮ ಬೀದಿಯಲ್ಲಿ ನಿಂತ ಮೋಟಾರು ಸೈಕಲುಗಳಲ್ಲಿ ಯಾವುದು ಯಾರದೆಂದು ಎರಡೇ ದಿನದಲ್ಲಿ ಗುರುತು ಹಿಡಿದನು. ಹೀಗಿದ್ದೂ ಅವನ ಶಾಲೆಯಿಂದ ಬಂದ ಮಾತೇನೆಂದರೆ, “ಇವನ ತಲೆಗೆ ಏನೂ ಹತ್ತೋದಿಲ್ಲಮ್ಮ” ಎಂಬುದು. ಇದನ್ನು ಅಕ್ಕನಿಗೆ ಹೇಳಿದ್ದು ಹುಡುಗನ ಎದುರಿನಲ್ಲಿಯೇ. ಅವನ ಅಪರಾಧವೆಂದರೆ ‘ನ’ ಬರೆಯಲು ಹೇಳಿದರೆ ‘ಸ’ ಬರೆಯುವುದು, ‘ಪ’ವನ್ನು ‘ವ’ ಎಂದು ಓದುವುದು. ಶಿಕ್ಷೆಯಾಗಿ ರಜೆಯಲ್ಲಿ ‘ನ’ ಅಕ್ಷರವನ್ನು ನೂರು ಸಲ ಬರೆದು ತರತಕ್ಕದ್ದೆಂದು ಅಪ್ಪಣೆಯಾಗಿತ್ತು.

ಆ ನೂರು ‘ನ’ಗಳ ಹಾಳೆಯನ್ನು ನಾನು ನೋಡಿದೆ. ಮೊದಲನೆಯ ಸಾಲಿನಲ್ಲಿ ಎಲ್ಲವೂ ‘ನ’ಗಳೇ. ಎರಡನೆಯ ಸಾಲಿನಲ್ಲಿ ಒಂದೆರಡಕ್ಕೆ ಅನುಮಾನ ಬಂದಿದೆ. ಮೂರನೆಯ ಸಾಲಿನ ನಡುವಿನಿಂದ ಕೊನೆಯವರೆಗೆ ಒಂದೂ ಬಿಡದೆ ‘ಸ’! ಹುಡುಗ ಪ್ರತಿಯೊಂದನ್ನೂ ಅದರ ಹಿಂದಿನದನ್ನು ನೋಡಿ ಬರೆದಿದ್ದನು. ಒಂದು ಸಲ ಕೈ ಜಾರಿದ್ದೇ ತಡ, ಮುಂದಿನ ಅರವತ್ತೆಪ್ಪತ್ತು ಅಕ್ಷರಗಳೂ ಅದರ ಹಿಂದೆಯೇ ಹೊರಟುಹೋಗಿದ್ದವು. ಅಂದರೆ ತಪ್ಪನ್ನು ತಿದ್ದುವುದಕ್ಕಾಗಿ ವಿಧಿಸಿದ ಶಿಕ್ಷೆ ಅದೇ ತಪ್ಪನ್ನು ಅರವತ್ತು ಸಲ ಅಭ್ಯಾಸ ಮಾಡಿಸಿತು. “ಇದೇನೋ ಇದು?” ಎಂದು ಕೇಳಿದೆ. “ಎರಡೂ ಅಣ್ಣತಮ್ಮ ಅಲ್ವಾ ಮಾವ? ಯಾವ್ದು ಅಣ್ಣ ಯಾವ್ದು ತಮ್ಮ ಅಂತ ಗೊತ್ತಾಗಲ್ಲ” ಎಂದನು. ಶಾಲೆ ಮತ್ತೆ ತೆರೆಯುವ ದಿನ ಹತ್ತಿರವಾದಂತೆ ಬೆಳಗಿನ ಹೊತ್ತು ಅವನಿಗೆ ಹೊಟ್ಟೆನೋವು ಬರಲಾರಂಭಿಸಿತು. ನನ್ನ ಲೇಖನಕ್ಕೆ ಪ್ರೇರಣೆಯಾದದ್ದು ಆ ಹೊಟ್ಟೆನೋವು.

ಮೊದಲು ಒಂದು ನ್ಯಾಯವಾದ ಮಾತು. ಈ ಹುಡುಗನಿಗೆ ನಾವು ಕೊಟ್ಟಿರುವ ಕೆಲಸ ಸಾಮಾನ್ಯವಾದುದಲ್ಲ. ಅವನು ಹುಟ್ಟಿದಂದಿನಿಂದ ಕಲಿತ ಪಾಠವೆಂದರೆ, ವಸ್ತುವನ್ನು ಹೇಗೆ ಇಟ್ಟರೂ ಅದು ಅದೇ ವಸ್ತು ಎಂಬುದು. ಹಸು ಎಡಕ್ಕೆ ಮುಖ ಮಾಡಿದರೂ ಹಸು, ಬಲಕ್ಕೆ ಮುಖ ಮಾಡಿದರೂ ಹಸು. ಚೊಂಬಿನ ಅಂಚು ಚೂರು ನೆಗ್ಗಿದರೆ ಅದು ಬೇರೆ ಪಾತ್ರೆಯಾಗುವುದಿಲ್ಲ. ಅಕ್ಷರದ ಪ್ರಪಂಚಕ್ಕೆ ಬಂದೊಡನೆ ಈ ನಿಯಮವನ್ನೆಲ್ಲ ತಲೆಕೆಳಗು ಮಾಡಿ, ಒಂದು ಗೆರೆ ಕೊಂಚ ಹೊರಳಿದರೆ ಬೇರೆ ಸದ್ದು, ಒಂದು ಚುಕ್ಕೆ ಬಿದ್ದರೆ ಬೇರೆ ಹೆಸರು ಎನ್ನುತ್ತೇವೆ. ಇಂಗ್ಲಿಷಿನಲ್ಲಿ ‘ಬಿ’ ಮತ್ತು ‘ಡಿ’ ಎಂಬ ಸಣ್ಣಕ್ಷರಗಳು ಕನ್ನಡಿಯಲ್ಲಿ ಒಂದನ್ನೊಂದು ನೋಡಿಕೊಂಡಂತಿವೆ. ಹೀಗೆ ಅಕ್ಷರಗಳನ್ನು ಮಗುಚಿ ಓದುವ ಮಕ್ಕಳನ್ನು ಕುರಿತು ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಆರ್ಟನ್ 1925ರಷ್ಟು ಹಿಂದೆಯೇ ಬರೆದನು. ಕನ್ನಡದಲ್ಲಿ ಇಂತಹ ಕನ್ನಡಿಯ ಜೋಡಿಗಳು ಹೆಚ್ಚುಕಡಿಮೆ ಇಲ್ಲ. ಆದರೆ ಅದರ ಬದಲು ಒಂದೇ ಅಚ್ಚಿನಲ್ಲಿ ಎರೆದು ಆಮೇಲೆ ಒಂದಿಷ್ಟು ಗುರುತು ಮಾಡಿದಂತಹ ಜೋಡಿಗಳು ಹೇರಳವಾಗಿವೆ.

ಅವನ್ನು ಒಮ್ಮೆ ಹೊರಗಿನವರ ಕಣ್ಣಿನಿಂದ ನೋಡೋಣ. ‘ನ’, ‘ಸ’ಗಳಿಗೆ ತಲೆಕಟ್ಟು ಒಂದೇ, ಮೈಯ ಬಳುಕೂ ಸುಮಾರು ಒಂದೇ, ಕೆಳಗಿನ ಗೆರೆ ಹೋಗಿ ಮುಗಿಯುವ ರೀತಿಯಲ್ಲಷ್ಟೇ ಭೇದ. ‘ವ’ದ ಬಾಯಿ ಮುಚ್ಚಿದೆ, ‘ಪ’ದ ಬಾಯಿ ತೆರೆದಿದೆ, ಆ ‘ಪ’ದ ಹೊಟ್ಟೆಯಲ್ಲಿ ಒಂದು ಗೀಟು ಎಳೆದರೆ ‘ಷ’. ‘ರ’ದೊಳಗೆ ಚುಕ್ಕೆ ಇಟ್ಟರೆ ‘ಠ’. ‘ದ’, ‘ಡ’, ‘ಬ’ಗಳ ಹೊಟ್ಟೆಯನ್ನು ಸೀಳಿದರೆ ‘ಧ’, ‘ಢ’, ‘ಭ’. ‘ಎ’, ‘ಏ’, ‘ಐ’ಗಳೂ ‘ಒ’, ‘ಓ’, ‘ಔ’ಗಳೂ ತಲೆಯ ಮೇಲಣ ಜುಟ್ಟಿನಿಂದ ಬೇರೆಯಾದ ಅಕ್ಕತಂಗಿಯರು. ‘ವ’ ಮತ್ತು ‘ಮ’ಗಳ ಸಂಬಂಧವಂತೂ ಬಹಳ ಸೂಕ್ಷ್ಮವಾದುದು. ‘ಕ’ಕ್ಕೆ, ‘ರ’ಕ್ಕೆ ಕೊಂಬು ಕೊಡುವಾಗ ಪಕ್ಕದಲ್ಲಿ ಸಲೀಸಾಗಿ ಕೊಡುವ ನಾವು, ‘ವ’ಕ್ಕೆ ‘ಪ’ಕ್ಕೆ ಬಂದಾಗ ಅದನ್ನು ಕೆಳಗಿಳಿಸಿ ಕೊಡುತ್ತೇವೆ. ಹಾಗೆ ಮಾಡದಿದ್ದರೆ ‘ವು’ ಎಂಬುದು ‘ಮ’ ಆಗಿಬಿಡುತ್ತದೆ. ‘ಪು’ ಎಂಬುದು ‘ಘ’ವನ್ನು ಹೋಲುತ್ತದೆ. ಇಲ್ಲಿ ನಮ್ಮ ಹಿರಿಯರಿಗೇ ಗೊಂದಲವಾಗಿರಬೇಕು. ಇಲ್ಲವಾದರೆ ಈ ಏರ್ಪಾಡು ಬೇಕಾಗುತ್ತಿರಲಿಲ್ಲವಲ್ಲ! ಆರು ವರ್ಷದ ಹುಡುಗನು ಎಡವಿದರೆ ಅವನೊಬ್ಬನನ್ನೇ ಏಕೆ ದೂರಬೇಕು?

ಇದರ ಮೇಲೆ ಕಾಗುಣಿತ. 34 ವ್ಯಂಜನಗಳಿಗೆ ಗುಣಿತಾಕ್ಷರಗಳನ್ನು ಕೂಡಿಸಿದರೆ ರೂಪಗಳು ನಾನೂರನ್ನು ಮೀರುತ್ತವೆ. ಒತ್ತಕ್ಷರಗಳ ಲೆಕ್ಕ ಬೇರೆ. ಬೆಂಗಳೂರಿನಲ್ಲಿ ಮಕ್ಕಳ ಕನ್ನಡ ಓದನ್ನು ಅಭ್ಯಸಿಸಿದ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಈ ಅಕ್ಷರಸಂಪತ್ತು ಮಕ್ಕಳಿಗೆ ಪೂರ್ತಿಯಾಗಿ ಕೈವಶವಾಗುವುದಕ್ಕೆ ಮೂರನೆಯ, ನಾಲ್ಕನೆಯ ತರಗತಿಯವರೆಗೂ ಕಾಲ ಹಿಡಿಯುತ್ತದೆಂದು ತೋರಿಸಿದ್ದಾರೆ. ನಾವಾದರೋ ಒಂದನೆಯ ತರಗತಿಯ ದಸರಾ ರಜೆಗೆಲ್ಲ ಮಗುವಿನ ಬುದ್ಧಿಯ ಮೇಲೆ ತೀರ್ಪು ಕೊಟ್ಟುಬಿಡುತ್ತೇವೆ.

ಇನ್ನು ನಮ್ಮ ವರ್ಣಮಾಲೆಯ ವಿಚಾರ. ನಾಲಗೆ ಎಲ್ಲಿ ತಾಗುತ್ತದೆ, ಉಸಿರು ಹೇಗೆ ಹೊರಡುತ್ತದೆ ಎಂಬುದನ್ನು ಅನುಸರಿಸಿ ಕ-ವರ್ಗದಿಂದ ಪ-ವರ್ಗದವರೆಗೆ ಸದ್ದುಗಳನ್ನು ಜೋಡಿಸಿದ ಆ ಕ್ರಮವನ್ನು ಭಾಷಾಶಾಸ್ತ್ರದ ತರಗತಿಯಲ್ಲಿ ಓದಿದಾಗ ನಾನೂ ತಲೆದೂಗಿದೆ. ಅದರಷ್ಟು ಅಚ್ಚುಕಟ್ಟಾದ ಏರ್ಪಾಡು ಇಂಗ್ಲಿಷಿನ ಅಕ್ಷರಮಾಲೆಯಲ್ಲಿಲ್ಲ. ಆದರೆ ಅದು ಕಿವಿಗೆ ಮತ್ತು ಬಾಯಿಗೆ ಮಾಡಿದ ಏರ್ಪಾಡು, ಕಣ್ಣಿಗೆ ಮಾಡಿದ್ದಲ್ಲ. ತ-ವರ್ಗವನ್ನೇ ನೋಡಿ: ‘ಥ’, ‘ದ’, ‘ಧ’ ಮೂರೂ ಒಂದರ ಮಗ್ಗುಲಲ್ಲಿ ಒಂದು ಕುಳಿತಿವೆ. ರೂಪದಲ್ಲಿಯೂ ಹತ್ತಿರ, ಉಚ್ಚಾರದಲ್ಲಿಯೂ ಹತ್ತಿರ. ಕಣ್ಣು ಕೈಬಿಟ್ಟರೆ ಕಿವಿಯಾದರೂ ಸಹಾಯಕ್ಕೆ ಬಂದೀತೆಂದರೆ ಅದೂ ಬರುವುದಿಲ್ಲ. ಮೂರನ್ನೂ ಒಂದೇ ವಾರದಲ್ಲಿ, ಒಂದೇ ಹಲಗೆಯ ಮೇಲೆ, ಸಾಲಾಗಿ ಬರೆದು ಕಲಿಸುವುದು ಅವಳಿಜವಳಿಗಳಿಗೆ ಒಂದೇ ಬಣ್ಣದ ಅಂಗಿ ತೊಡಿಸಿ, ಒಂದೇ ಬೆಂಚಿನಲ್ಲಿ ಕೂರಿಸಿ, ಹೊಸದಾಗಿ ಬಂದ ಉಪಾಧ್ಯಾಯರನ್ನು “ಹೆಸರು ಹೇಳಿ” ಎಂದು ಪೀಡಿಸಿದಂತೆ. ಆದುದರಿಂದ ವರ್ಣಮಾಲೆಯನ್ನು ಹಾಡಾಗಿ ಹಾಡಿಸಲಿ, ಬಾಯಿಪಾಠ ಮಾಡಿಸಲಿ. ಬರಹ ಕಲಿಸುವಾಗ ಬೇರೆ ಕ್ರಮ ಹಿಡಿಯಬೇಕೆಂಬುದು ನನ್ನ ನಿಶ್ಚಿತವಾದ ಅಭಿಪ್ರಾಯ.

ಇದು ನನ್ನ ಹೊಸ ಸಂಶೋಧನೆಯೇನೂ ಅಲ್ಲ. 1990ರ ದಶಕದ ನಡುವಿನಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊಳೆತು, ಆಮೇಲೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹರಡಿದ ‘ನಲಿ-ಕಲಿ’ ಪದ್ಧತಿಯಲ್ಲಿ ಮಕ್ಕಳು ‘ಅ ಆ ಇ ಈ’ ಎಂದು ಆರಂಭಿಸುವುದಿಲ್ಲ. ‘ರ ಗ ಸ ದ ಅ’ ಎಂದು ಆರಂಭಿಸುತ್ತಾರೆ. ಐದೇ ಅಕ್ಷರ ಕಲಿತರೂ ‘ಸರ’, ‘ಅರಸ’, ‘ಅಗಸ’, ‘ಗರಗಸ’ ಎಂದು ಓದಲು ಬರುವುದೊಂದು ಲಾಭ. ನಮ್ಮ ವಿಷಯಕ್ಕೆ ಮುಖ್ಯವಾದ ಇನ್ನೊಂದು ಲಾಭವೆಂದರೆ ‘ಸ’ ಮೊದಲ ಗುಂಪಿನಲ್ಲಿದ್ದರೆ ‘ನ’ ಎರಡನೆಯ ಗುಂಪಿನ ಕೊನೆಯಲ್ಲಿದೆ. ‘ವ’ ಎರಡನೆಯ ಗುಂಪಿನಲ್ಲಿದ್ದರೆ ‘ಪ’ ಅದರ ಮುಂದಿನದರಲ್ಲಿದೆ. ಒಬ್ಬನ ಪರಿಚಯ ಗಟ್ಟಿಯಾದ ಮೇಲೆ ಅವನ ತಮ್ಮನು ಬರುತ್ತಾನೆ. ಇದನ್ನು ಯೋಜಿಸಿದವರಿಗೆ ನಮಸ್ಕಾರ. ಆದರೆ ಆ ಎರಡನೆಯ ಗುಂಪು ‘ಜ ವ ಮ ಬ ನ’ ಎಂದಿರುವುದರಿಂದ ‘ವ’, ‘ಮ’ ಎರಡೂ ಕೈಹಿಡಿದುಕೊಂಡೇ ಬರುತ್ತವೆ. ಇದನ್ನು ಅವರು ಇನ್ನೊಮ್ಮೆ ಯೋಚಿಸಬಹುದಿತ್ತೆಂದು ಅನಿಸುತ್ತದೆ. ಇರಲಿ, ಬಿ.ಎ. ವಿದ್ಯಾರ್ಥಿಗೆ ಇಷ್ಟು ಟೀಕೆ ಸಾಕು.

ನನ್ನ ಅಕ್ಕನ ಮಗನು ಕಲಿತದ್ದು ಈ ಪದ್ಧತಿಯಲ್ಲಲ್ಲ. ಅವನಿಗೆ ನಾನು ಮಾಡಿದ್ದಾದರೂ ಇಷ್ಟೇ: ಮೊದಲು ಅವನ ತಪ್ಪು ಎಲ್ಲಿದೆ ಎಂದು ಹುಡುಕಿದೆ. ಕಣ್ಣಿನ ತಪ್ಪು ಬೇರೆ, ಕಿವಿಯ ತಪ್ಪು ಬೇರೆ. ನಮ್ಮ ಕಡೆಯ ಹಳ್ಳಿಯ ಮಗು ‘ಹಾಲು’ ಎಂಬುದನ್ನು ‘ಆಲು’ ಎಂದು ಬರೆದರೆ, ‘ಭಾರತ’ವನ್ನು ‘ಬಾರತ’ ಎಂದು ಬರೆದರೆ, ಅದು ಅಕ್ಷರಗಳ ರೂಪದಲ್ಲಿ ಮೋಸಹೋಗಿಲ್ಲ. ತನ್ನ ಮನೆಯಲ್ಲಿ ಕೇಳಿದ್ದನ್ನು ಪ್ರಾಮಾಣಿಕವಾಗಿ ಬರೆದಿದೆ. ಅದಕ್ಕೆ ಕಿವಿಗೆ ಕೇಳಿಸಿ, ಬಾಯಲ್ಲಿ ಆಡಿಸಿ ಕಲಿಸಬೇಕೇ ಹೊರತು ‘ಭ’ವನ್ನು ನೂರು ಸಲ ಬರೆಸಿ ಪ್ರಯೋಜನವಿಲ್ಲ. ನಮ್ಮ ಹುಡುಗನಿಗೆ ‘ನರಿ’, ‘ಸರಿ’ ಎಂದು ಹೇಳಿ “ಎರಡೂ ಒಂದೇನೋ?” ಎಂದು ಕೇಳಿದರೆ ನನ್ನನ್ನೇ ಹುಚ್ಚನೆಂಬಂತೆ ನೋಡಿದನು. ಅಲ್ಲಿಗೆ ಕಿವಿ ಸರಿಯಾಗಿದೆ. ದೂರದ ಅಂಗಡಿಯ ಹಲಗೆಯ ಮೇಲಣ ಚಿತ್ರಗಳನ್ನು ಸಲೀಸಾಗಿ ಹೇಳಿದನಾದ್ದರಿಂದ ದೃಷ್ಟಿಯದೂ ತೊಂದರೆ ಇರಲಾರದೆಂದುಕೊಂಡೆ. ಆದರೂ ಅಕ್ಕನಿಗೆ ಹೇಳಿ ಕಣ್ಣಿನ ವೈದ್ಯರಿಗೆ ತೋರಿಸಿದೆವು. ಕನ್ನಡಕ ಬೇಕಾದ ಮಗುವಿಗೆ ದಡ್ಡನೆಂಬ ಹೆಸರು ಬಂದ ಉದಾಹರಣೆಯನ್ನು ನಮ್ಮ ಬೀದಿಯಲ್ಲಿಯೇ ನಾನು ಬಲ್ಲೆ.

ಆಮೇಲೆ ‘ಸ’ವನ್ನು ಮನೆಯಿಂದ ಗಡಿಪಾರು ಮಾಡಿದೆ. ಒಂದು ವಾರ ಬರೀ ‘ನ’. ನಮ್ಮಮ್ಮ ಅಂಗಳದಲ್ಲಿ ರಂಗೋಲಿ ಹಾಕಿದ ಮೇಲೆ ಮಿಕ್ಕ ಜಾಗದಲ್ಲಿ ಆಳೆತ್ತರದ ಒಂದು ‘ನ’ ಬಿಡಿಸಿದಳು. ಹುಡುಗ ಅದರ ಗೆರೆಯ ಮೇಲೆ, ಬರೆಯುವಾಗ ಕೈ ಹೋಗುವ ದಿಕ್ಕಿನಲ್ಲಿಯೇ, ಹೆಜ್ಜೆಯ ಮುಂದೆ ಹೆಜ್ಜೆಯಿಟ್ಟು ನಡೆದನು. ತಟ್ಟೆಯಲ್ಲಿ ಮರಳು ಹರಡಿ ಬೆರಳಿನಿಂದ ಬರೆಸಿದೆ. ಇದು ನಮ್ಮ ಹಳೆಯ ಐಗಳ ಮಠಗಳ ರೂಢಿಯೇ ಸರಿ. ಈ ಮರಳಿನ ಪಾಠಕ್ಕೆ ಒಂದು ಸ್ವಾರಸ್ಯದ ಚರಿತ್ರೆಯುಂಟು. ಮದರಾಸಿನ ಎಗ್ಮೋರಿನಲ್ಲಿ ಸಿಪಾಯಿಗಳ ಅನಾಥ ಮಕ್ಕಳ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿ, ಈ ದೇಶದ ಮಕ್ಕಳು ಮರಳಿನ ಮೇಲೆ ಅಕ್ಷರ ಬರೆಯುವುದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದು, 1797ರಲ್ಲಿ ಲಂಡನ್ನಿನಲ್ಲಿ ಅದರ ಬಗ್ಗೆ ಪುಸ್ತಕ ಅಚ್ಚು ಹಾಕಿಸಿದನು. ನಮ್ಮ ಮರಳು ‘ಮದರಾಸು ಪದ್ಧತಿ’ ಎಂಬ ಹೆಸರಿನ ಜೊತೆಗೆ ಇಂಗ್ಲೆಂಡಿನ ಬಡ ಮಕ್ಕಳ ಶಾಲೆಗಳನ್ನು ತಲುಪಿತು. ಆಮೇಲೆ 1907ರಲ್ಲಿ ರೋಮ್ ನಗರದಲ್ಲಿ ಮೊದಲ ‘ಮಕ್ಕಳ ಮನೆ’ಯನ್ನು ತೆರೆದ ಮರಿಯಾ ಮಾಂಟೆಸ್ಸೊರಿ, ಉಪ್ಪುಕಾಗದವನ್ನು ಅಕ್ಷರದ ಆಕಾರದಲ್ಲಿ ಕತ್ತರಿಸಿ ಮಕ್ಕಳ ಬೆರಳಿಗೆ ಅದರ ಮೇಲೆ ದಾರಿ ತೋರಿಸಿದಳು. ಆಕೆ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು ಈ ದೇಶದ ಉಪಾಧ್ಯಾಯರಿಗೆ ತರಬೇತು ಕೊಟ್ಟಳು. ಹೀಗೆ ಮರಳು ಒಂದು ಸುತ್ತು ತಿರುಗಿ ಮನೆಗೆ ಬಂದಿತೆನ್ನಬಹುದು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ತಿದ್ದುವುದು ಬೇರೆ, ಬರೆಯುವುದು ಬೇರೆ. ಈಗಿನ ಅಭ್ಯಾಸ ಪುಸ್ತಕಗಳಲ್ಲಿ ಚುಕ್ಕೆಚುಕ್ಕೆಯಾಗಿ ಅಕ್ಷರ ಅಚ್ಚಾಗಿರುತ್ತದೆ. ಮಗು ಅದರ ಮೇಲೆ ಪೆನ್ಸಿಲು ಆಡಿಸಿ ಪುಟ ತಿರುವುತ್ತದೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಕ್ಯಾರಿನ್ ಜೇಮ್ಸ್ ಮತ್ತು ಲಾರಾ ಎಂಗಲ್‌ಹಾರ್ಟ್ ಎಂಬವರು, ಇನ್ನೂ ಓದಲು ಕಲಿಯದ ಐದು ವರ್ಷದ ಮಕ್ಕಳಲ್ಲಿ ಕೆಲವು ಅಕ್ಷರಗಳನ್ನು ಕೈಯಿಂದ ಬರೆಯಿಸಿ, ಕೆಲವನ್ನು ತಿದ್ದಿಸಿ, ಕೆಲವನ್ನು ಕೀಲಿಮಣೆಯ ಮೇಲೆ ಒತ್ತಿಸಿ, ಅನಂತರ ಆ ಅಕ್ಷರಗಳನ್ನು ನೋಡುವಾಗ ಮಕ್ಕಳ ಮಿದುಳಿನ ವ್ಯಾಪಾರವನ್ನು ಯಂತ್ರದಿಂದ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದರು. ಸ್ವತಃ ಬರೆದ ಅಕ್ಷರಗಳನ್ನು ಕಂಡಾಗಲೇ ಓದಿಗೆ ಸಂಬಂಧಪಟ್ಟ ಭಾಗಗಳು ಚೆನ್ನಾಗಿ ಎಚ್ಚತ್ತವು. ತಿದ್ದಿದ್ದಕ್ಕೂ ಒತ್ತಿದ್ದಕ್ಕೂ ಹಾಗಾಗಲಿಲ್ಲ. ಮಗು ತಾನೇ ಬರೆದ ಅಕ್ಷರ ಸೊಟ್ಟಗಿರುತ್ತದೆ, ಒಂದು ಸಲದಂತೆ ಇನ್ನೊಂದು ಸಲ ಇರುವುದಿಲ್ಲ. ಆ ಸೊಟ್ಟತನದ ನಡುವೆಯೂ ಯಾವುದು ಬದಲಾಗಬಾರದು ಎಂಬುದನ್ನು ಅದು ಕಲಿಯುತ್ತಿದೆಯೆಂದು ತೋರುತ್ತದೆ. ಆದುದರಿಂದ ಎರಡು ಸಲ ತಿದ್ದಿಸಿ, ಆಮೇಲೆ ಅಳಿಸಿ, “ನೋಡದೆ ಬರಿ” ಎನ್ನುವುದು ಲೇಸು. ಇದಕ್ಕೆ ಸ್ಲೇಟಿನಂಥ ಸಾಧನ ಇನ್ನೊಂದಿಲ್ಲ. ಅದರಲ್ಲಿ ತಪ್ಪು ಉಳಿಯುವುದಿಲ್ಲ. ಕೆಂಪು ಶಾಯಿಯೂ ತಾಗುವುದಿಲ್ಲ.

ಎಂಟನೆಯ ದಿನ ‘ಸ’ಕಾರಕ್ಕೆ ಮರಳಿ ಪ್ರವೇಶ ಕೊಟ್ಟೆವು. ಈಗ ಮಾತ್ರ ಎರಡನ್ನೂ ಪಕ್ಕಪಕ್ಕದಲ್ಲಿಯೇ ಬರೆದೆ. ಏಕೆಂದರೆ ಮೊದಲು ಬೇರೆ ಬೇರೆಯಾಗಿ ಪರಿಚಯವಾಗಬೇಕು, ಆಮೇಲೆ ಒಟ್ಟಿಗೆ ನಿಲ್ಲಿಸಿ ವ್ಯತ್ಯಾಸ ಹುಡುಕಬೇಕು. ಎಂದೆಂದಿಗೂ ಬೇರೆಯಾಗಿಯೇ ಇಟ್ಟರೆ ಬೇರ್ಪಡಿಸುವ ಶಕ್ತಿ ಬರುವುದಿಲ್ಲ. ವ್ಯತ್ಯಾಸವನ್ನು ನಾನು ಹೇಳಲಿಲ್ಲ, ಅವನಿಂದಲೇ ಹೇಳಿಸಿದೆ. ಬಹಳ ಹೊತ್ತು ದಿಟ್ಟಿಸಿ ಎರಡರಲ್ಲಿಯೂ ಗೆರೆ ಮುಗಿಯುವ ಜಾಗಕ್ಕೆ ಬೆರಳಿಟ್ಟನು. ಆ ತುದಿಯನ್ನು ಮಾತ್ರ ಕೆಂಪು ಸೀಮೆಸುಣ್ಣದಿಂದ ಬರೆದೆ. ಇಡೀ ಅಕ್ಷರಕ್ಕೆ ಬಣ್ಣ ಬಳಿದರೆ ಮಗು ಬಣ್ಣವನ್ನು ಕಲಿಯುತ್ತದೆ, ಅಕ್ಷರವನ್ನಲ್ಲ. ಮರುದಿನ ಬಿಳಿಯ ಸುಣ್ಣದಲ್ಲಿ ಬರೆದಾಗ ಪೆಚ್ಚಾಗುತ್ತದೆ. ತುದಿಯ ಕೆಂಪನ್ನು ದಿನದಿಂದ ದಿನಕ್ಕೆ ತೆಳುವಾಗಿಸುತ್ತ ಬಂದು ನಾಲ್ಕನೆಯ ದಿನಕ್ಕೆ ಬಿಟ್ಟೇಬಿಟ್ಟೆ. ಅನಂತರ ‘ನರಿ–ಸರಿ’, ‘ನೂರು–ಸೂರು’, ‘ನಾಕು–ಸಾಕು’ ಎಂದು ಚೀಟಿಗಳ ಆಟ. ತಪ್ಪಿದರೆ ಅರ್ಥವೇ ಕೆಟ್ಟು ನಗು ಬರುವ ಮಾತುಗಳಾದರೆ ಮಗುವೇ ತಪ್ಪು ಹಿಡಿದುಕೊಳ್ಳುತ್ತದೆ. “ಇಡ್ಲಿ ನಾಕಾ ಸಾಕಾ?” ಎಂದು ಅವನು ತನ್ನ ಅಜ್ಜಿಯನ್ನು ಚೀಟಿ ಹಿಡಿದು ಕೇಳಿದ ದಿನ ಮನೆಯಲ್ಲೆಲ್ಲ ನಗುವೋ ನಗು.

‘ಪ’, ‘ವ’ಗಳಿಗೆ ಇಷ್ಟು ಶ್ರಮ ಬೇಕಾಗಲಿಲ್ಲ. 1962ರಲ್ಲಿ ಎಲಿನರ್ ಗಿಬ್ಸನ್ ಎಂಬ ಮನಶ್ಶಾಸ್ತ್ರಜ್ಞೆಯೂ ಸಂಗಡಿಗರೂ ನಾಲ್ಕರಿಂದ ಎಂಟು ವರ್ಷದ ಮಕ್ಕಳ ಮುಂದೆ ಅಕ್ಷರದಂತಹ ಆಕೃತಿಗಳನ್ನಿಟ್ಟು ಪರೀಕ್ಷಿಸಿದಾಗ, ಆಕೃತಿಯನ್ನು ತಿರುಗಿಸಿದರೆ ಮಗುಚಿದರೆ ಚಿಕ್ಕ ಮಕ್ಕಳು ಬಹಳವಾಗಿ ತಪ್ಪಿದರು. ಗೆರೆ ಮುಚ್ಚಿದೆಯೋ ತೆರೆದಿದೆಯೋ ಎಂಬುದನ್ನು ಮಾತ್ರ ಚಿಕ್ಕವರೂ ಬೇಗ ಹಿಡಿದರು. ಎಂಟು ವರ್ಷದ ಹೊತ್ತಿಗೆ ತಿರುಗಿಸುವ ತಪ್ಪುಗಳೂ ತೀರ ಕಡಿಮೆಯಾಗಿದ್ದವು. ನಮ್ಮ ಹುಡುಗನಿಗೆ ‘ವ’ದ ಬಾಯಿ ಮುಚ್ಚಿದೆ, ‘ಪ’ದ ಬಾಯಿ ತೆರೆದಿದೆ ಎಂದು ಒಂದು ಸಲ ತೋರಿಸಿದ್ದೇ ಸಾಕಾಯಿತು. “ಮಾವ, ‘ಪ’ ಅನ್ನುವಾಗ ನನ್ನ ಬಾಯಿ ಮುಚ್ಚತ್ತೆ, ಅದರ ಬಾಯಿ ತೆರೆಯತ್ತೆ!” ಎಂದು ಅವನೇ ಕಂಡುಹಿಡಿದನು. ನನಗೆ ಇಪ್ಪತ್ತು ವರ್ಷದಿಂದ ಹೊಳೆಯದಿದ್ದ ಸಂಗತಿ.

ಇಷ್ಟರಿಂದ ಎಲ್ಲ ಮಕ್ಕಳ ತೊಡಕೂ ಪರಿಹಾರವಾಗುತ್ತದೆಂದು ನಾನು ಹೇಳಲಾರೆ. ಎರಡು ಮೂರು ವರ್ಷ ತಾಳ್ಮೆಯಿಂದ ಕಲಿಸಿದರೂ ಅಕ್ಷರ ನಿಲ್ಲದ ಮಕ್ಕಳುಂಟು. ಅದು ಓದಿಗೇ ಸಂಬಂಧಪಟ್ಟ ಒಂದು ನ್ಯೂನತೆ, ಬುದ್ಧಿಯ ಕೊರತೆಯಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಅದನ್ನು ಗುರುತಿಸಿ ಪಟ್ಟಿಯಲ್ಲಿ ಸೇರಿಸಿದೆ. ಅಂತಹ ಮಗುವನ್ನು ಬಲ್ಲವರ ಬಳಿಗೆ ಕರೆದೊಯ್ಯಬೇಕು. ಬೆತ್ತವಂತೂ ಯಾರಿಗೂ ಔಷಧವಲ್ಲ. 2009ರ ಶಿಕ್ಷಣದ ಹಕ್ಕಿನ ಕಾಯಿದೆ ಹೊಡೆಯುವುದನ್ನು ಮಾತ್ರವಲ್ಲ, ಮನಸ್ಸಿಗೆ ಹಿಂಸೆ ಕೊಡುವುದನ್ನೂ ನಿಷೇಧಿಸಿದೆ. “ತಲೆಗೆ ಹತ್ತೋದಿಲ್ಲ” ಎಂದು ಎದುರಿನಲ್ಲಿಯೇ ಹೇಳುವುದು ಈ ಎರಡನೆಯ ಬಗೆಗೆ ಸೇರುತ್ತದೋ ಇಲ್ಲವೋ, ಕಾನೂನು ಓದುವ ಮಿತ್ರರು ತಿಳಿಸಬೇಕು.

ನಮ್ಮ ಗುರುವೃಂದದವರಲ್ಲಿ ಕೆಲವರು ಇದನ್ನು ಓದಿ, “ನಲವತ್ತೈವತ್ತು ಮಕ್ಕಳನ್ನು ಮುಂದಿಟ್ಟುಕೊಂಡ ಉಪಾಧ್ಯಾಯರಿಗೆ ಒಬ್ಬೊಬ್ಬನಿಗೂ ಅಂಗಳದಲ್ಲಿ ರಂಗೋಲಿ ಬಿಡಿಸಲು ಪುರಸೊತ್ತೆಲ್ಲಿ?” ಎಂದು ಕೇಳಬಹುದು. ಆ ಪ್ರಶ್ನೆ ನ್ಯಾಯವಾದುದೇ. ನನಗೆ ರಜೆಯಿತ್ತು, ಇದ್ದವನೊಬ್ಬನೇ ಶಿಷ್ಯ. ಆದರೆ ‘ನ’, ‘ಸ’ಗಳನ್ನು ಒಂದೇ ವಾರ ಕಲಿಸದಿರಲು ಪುರಸೊತ್ತು ಬೇಕಾಗಿಲ್ಲ. ನೂರು ಸಲ ಬರೆಸುವ ಬದಲು ಹತ್ತು ಸಲ ನೋಡದೆ ಬರೆಸಿ, ಪ್ರತಿಯೊಂದನ್ನೂ ಹಲಗೆಯ ಮೇಲಣ ಅಕ್ಷರಕ್ಕೆ ಹೋಲಿಸಿಕೊಳ್ಳಲು ಹೇಳಿದರೆ ಉಪಾಧ್ಯಾಯರ ಹೊತ್ತು ಉಳಿಯುತ್ತದೆಯೇ ಹೊರತು ಕಳೆಯುವುದಿಲ್ಲ. ಉಳಿದ ಕೆಲಸಕ್ಕೆ ನಾವಿದ್ದೇವೆ. ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರ ವರ್ಷವರ್ಷವೂ ಯಾವುದಾದರೊಂದು ಹಳ್ಳಿಯಲ್ಲಿ ನಡೆಯುತ್ತದೆ. ನಾವು ಅಲ್ಲಿಗೆ ಹೋಗಿ ಹಳ್ಳಿಯವರಿಗೆ, ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುವ ವಿಷಯಗಳನ್ನು ಕುರಿತು ಭಾಷಣ ಮಾಡಿ ಬರುತ್ತೇವೆ. ಅದರಲ್ಲಿ ದಿನಕ್ಕೆ ಒಂದು ಗಂಟೆ ಉಳಿಸಿ, ಒಬ್ಬೊಬ್ಬ ವಿದ್ಯಾರ್ಥಿಯೂ ಒಂದನೆಯ ತರಗತಿಯ ಇಬ್ಬಿಬ್ಬರು ಮಕ್ಕಳ ಜೊತೆ ಮರಳಿನ ತಟ್ಟೆ ಹಿಡಿದು ಕೂತರೆ ಹೇಗೆ? ನಮ್ಮಲ್ಲಿ ಅನೇಕರು ನಾಳೆ ಉಪಾಧ್ಯಾಯರಾಗುವವರೇ. ಪ್ರಾಂಶುಪಾಲರು ಈ ಸಲಹೆಯನ್ನು ಪರಿಶೀಲಿಸಬೇಕೆಂದು ವಿನಂತಿ.

ರಜೆ ಮುಗಿದು ಹುಡುಗ ಊರಿಗೆ ಹೋದನು. ಶಾಲೆಯಲ್ಲಿ ಅವನ ವಿಷಯದಲ್ಲಿ ಅಭಿಪ್ರಾಯವೇನೂ ಬದಲಾದಂತಿಲ್ಲ. ‘ಷ’, ‘ಫ’ಗಳಲ್ಲಿ ಇನ್ನೂ ಎಡವುತ್ತಾನೆ. ಬೆಳಗಿನ ಹೊಟ್ಟೆನೋವು ಮಾತ್ರ ನಿಂತಿದೆಯೆಂದು ಅಕ್ಕ ಹೇಳಿದಳು. ಕಳೆದ ತಿಂಗಳು ಅವಳು ಬಂದಾಗ ಹುಡುಗ ಕೊಟ್ಟ ಒಂದು ಚೀಟಿಯನ್ನು ತಂದುಕೊಟ್ಟಳು. “ಮಾವ ಸೀನು ಯಾವಾಗ ಬರತೀಯ” ಎಂದು ಬರೆದು, ಆಮೇಲೆ ‘ಸೀ’ ಎಂಬುದನ್ನು ತಾನೇ ಹೊಡೆದುಹಾಕಿ, ಅದರ ನೆತ್ತಿಯ ಮೇಲೆ ದಪ್ಪವಾಗಿ ‘ನೀ’ ಎಂದು ಬರೆದಿದ್ದಾನೆ.